ಗೋಡೆಯಾಚೆಯ ಗೊರಕೆ

"ರಾತ್ರಿ ಇವ್ರದು ನಿಮ್ಮ ಮನಿತನ ಕೇಳಸ್ತದೇನ ತಂಗಿ?"

ಕರಿಬೇವಿನ ಟೊಂಗೆ ಬಗ್ಗಿಸಿ ಹಿಡಿದುಕೊಂಡು, ನನ್ನ ಮುಖ ನೋಡದೆ ಕೇಳಿದರು ಕಾಕು. ನಮ್ಮ ಎರಡು ಮನೆಗಳ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ. ಆಚೆಗೆ ಅವರ ಕರಿಬೇವು, ಈಚೆಗೆ ನಮ್ಮ ದಾಸವಾಳ. ಬೆಳಿಗ್ಗೆ ಆರೂವರೆಗೆ ನಾನು ದೇವರಿಗೆ ಹೂ ಬಿಡಿಸುವ ಹೊತ್ತಿಗೆ ಅವರು ಒಗ್ಗರಣೆಗೆ ಎಸಳು ಕೀಳಲು ಬರುತ್ತಾರೆ. ಎಷ್ಟೋ ಸಲ ನನ್ನ ಹೂವೂ ಮುಗಿದಿರುವುದಿಲ್ಲ, ಅವರ ಎಸಳೂ ಮುಗಿದಿರುವುದಿಲ್ಲ, ಏಳೂವರೆ ಆಗಿಬಿಟ್ಟಿರುತ್ತದೆ.

"ಕೇಳಸ್ತದ ಕಾಕು" ಅಂದೆ.

ಕಾಚಿಗೂಡದ ಈ ಗಲ್ಲಿಯಲ್ಲಿ ನಮ್ಮಂಥವರು ಇನ್ನೂ ಕೆಲವು ಮನೆಗಳಿದ್ದೇವೆ. 1956ರವರೆಗೆ ಕಲಬುರಗಿ, ರಾಯಚೂರು, ಬೀದರಿನವರಿಗೆಲ್ಲ ಹೈದರಾಬಾದೇ ರಾಜಧಾನಿ. ಓದಲು ಬಂದವರು, ನೌಕರಿಗೆ ಬಂದವರು ಇಲ್ಲೇ ಉಳಿದರು. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎರಡೂ ಇಲ್ಲೇ ಕಾಚಿಗೂಡದಲ್ಲಿವೆ. ಕಾಕು ಕಲಬುರಗಿಯ ಹೆಣ್ಣುಮಗಳು, ನಾನು ರಾಯಚೂರಿನವಳು. ಮನೆಯೊಳಗೆ ಕನ್ನಡ, ತರಕಾರಿಯವಳ ಹತ್ತಿರ ತೆಲುಗು, ಆಟೋದವನ ಹತ್ತಿರ ಉರ್ದು. ಕಾಕುವಿನ ಯಜಮಾನರು, ನಮ್ಮ ಕಾಕಾ, ಮಾಡುವ ಸದ್ದಿಗೂ ಹಾಗೇ ಮೂರು ಹೆಸರು. ನಮ್ಮಲ್ಲಿ ಗೊರಕೆ, ತೆಲುಗಿನವರಲ್ಲಿ ಗುರಕ, ಉರ್ದುವಿನಲ್ಲಿ ಖರ್ರಾಟೆ. ಮೂರು ಶಬ್ದಗಳೂ ಗಂಟಲೊಳಗಿಂದ ಕಿತ್ತು ತಂದ ಹಾಗಿವೆ.

"ಇವ್ರಿಗಿ ನಿದ್ದಿ ಭಾಳ ಚಲೋ ತಂಗಿ. ದಿಂಬಿಗಿ ತಲಿ ಇಟ್ರ ಸಾಕು. ಮುಂಜಾನಿ ಎಬ್ಸಿದ್ರೂ ಏಳಂಗಿಲ್ಲ."

ಹೇಳುವಾಗ ಅವರ ದನಿಯಲ್ಲಿ ಒಂದು ಹೆಮ್ಮೆ ಇತ್ತು. ಆ ಹೆಮ್ಮೆ ನನಗೆ ಚೆನ್ನಾಗಿ ಗೊತ್ತು. ನಾನೂ ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ಬಂದವಳು. ಗೊರಕೆ ಹೊಡೆಯುವವನೇ ಸುಖವಾಗಿ ಮಲಗಿದವನು ಎಂಬ ನಂಬಿಕೆ ನಮ್ಮ ಮಾತಿನಲ್ಲೇ ಬೇರುಬಿಟ್ಟಿದೆ. ಕುಂಭಕರ್ಣನ ಕಥೆ ಕೇಳಿ ಬೆಳೆದವರು ನಾವು. ಆದರೆ ಕಾಕಾ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಹೋದರೆ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಅವರ ಗದ್ದ ಎದೆಗೆ ತಾಗಿರುತ್ತದೆ. ಕೈಯಲ್ಲಿ ಚಹಾ ಲೋಟ ಇದ್ದ ಹಾಗೇ ತೂಕಡಿಸುತ್ತಾರೆ. ರಾತ್ರಿ ಅಷ್ಟು ಚೆನ್ನಾಗಿ ಮಲಗಿದವರಿಗೆ ಹಗಲು ಹನ್ನೊಂದಕ್ಕೆ ಯಾಕೆ ಕಣ್ಣು ಎಳೆಯಬೇಕು? ಈ ಪ್ರಶ್ನೆ ಕಾಕು ಮುಂದೆ ಇಡಬೇಕೆಂದು ಎಷ್ಟೋ ದಿನದಿಂದ ಕಾಯುತ್ತಿದ್ದೆ. ಅವರೇ ಬಾಗಿಲು ತೆರೆದರು, ನಾನು ಬಿಡಲಿಲ್ಲ.

"ಕಾಕಾ ರಾತ್ರಿ ಎಷ್ಟು ಸಲ ಬಚ್ಚಲಿಗೆ ಏಳ್ತಾರ?"

"ಮೂರು, ನಾಕು. ಶುಗರ್ ಅಲ್ಲೇನ?"

"ಬಿಪಿ ಗುಳಿಗಿ?"

"ಮೊದ್ಲ ಒಂದಿತ್ತು. ಈಗ ಮೂರು ಆಗ್ಯಾವ. ಆದ್ರೂ ಇಳಿವಲ್ದು."

"ಮುಂಜಾನಿ ಎದ್ದಾಗ ಬಾಯಿ ಒಣಗಿರ್ತದ? ತಲಿನೋವು?"

ಕಾಕು ಟೊಂಗೆ ಬಿಟ್ಟರು. ಅದು ಸರಕ್ಕನೆ ಮೇಲೆ ಹೋಯಿತು. "ನಿನಗ್ಯಾರು ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲೇ ಇದೆಲ್ಲ ನಡೆದಿತ್ತು. ನಮ್ಮ ಮನೆಯವರ ಗೊರಕೆಗೆ ನನಗೆಂದೂ ಎಚ್ಚರ ಆಗುತ್ತಿರಲಿಲ್ಲ, ಅಷ್ಟು ರೂಢಿಯಾಗಿತ್ತು. ಎಚ್ಚರ ಆಗುತ್ತಿದ್ದುದು ಗೊರಕೆ ನಿಂತಾಗ. ಒಂದು ರಾತ್ರಿ ಹಾಗೆ ಎದ್ದು ಕುಳಿತು ನೋಡಿದೆ. ಹೊಟ್ಟೆ, ಎದೆ ಏರಿಳಿಯುತ್ತಿವೆ, ಮೂಗಿನ ಹತ್ತಿರ ಬೆರಳು ಇಟ್ಟರೆ ಗಾಳಿ ಇಲ್ಲ. ಮುಚ್ಚಿದ ಬಾಗಿಲನ್ನು ಒಳಗಿನಿಂದ ದೂಡಿದ ಹಾಗೆ ಎದೆ ಎಳೆಯುತ್ತಿದೆ. ಆಮೇಲೆ ನೀರಲ್ಲಿ ಮುಳುಗಿದವರು ಮೇಲೆ ಬಂದಂತೆ ಒಂದು ದೊಡ್ಡ ಉಸಿರು, ಮತ್ತೆ ಗೊರಕೆ. ಅವರಿಗೆ ಬೆಳಿಗ್ಗೆ ಯಾವುದೂ ನೆನಪಿಲ್ಲ. ಈ ಕಾಯಿಲೆಯ ವಿಚಿತ್ರ ಇದು: ಪಕ್ಕದಲ್ಲಿ ಮಲಗಿದವರು ಹೇಳದೆ ಅದು ಕಾಯಿಲೆಯವರಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಮೊದಲು ತೋರಿಸಿದ ಕಡೆ ಟೆನ್ಷನ್ ಅಂತ ಹೇಳಿ ನಿದ್ದೆ ಗುಳಿಗೆ ಬರೆದುಕೊಟ್ಟರು. ಗಂಟಲಿನ ಸ್ನಾಯು ಸಡಿಲವಾಗಿ ಉಸಿರು ಕಟ್ಟುವವರಿಗೆ ಅದನ್ನು ಇನ್ನಷ್ಟು ಸಡಿಲಿಸಬಲ್ಲ ಗುಳಿಗೆ! ಇಂದಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ. ಮಲಗುವ ಮುಂಚಿನ ಹೆಂಡಕ್ಕೂ ಇದೇ ಗುಣ.

ಹೀಗೆ ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ ಅಂತ ಕಾಕುಗೆ ಹೇಳಿದೆ. ಹೆಸರು ಅವರಿಗೆ ಹಿಡಿಯಲಿಲ್ಲ. "ಬಪ್ಪಿ ಲಹಿರಿ ಗೊತ್ತಲ್ಲ, ಮೈತುಂಬ ಬಂಗಾರ ಹಾಕ್ಕೊಂತಿದ್ರಲ್ಲ, ನಮ್ಮ 'ಆಫ್ರಿಕಾದಲ್ಲಿ ಶೀಲಾ'ಕ್ಕ ಸಂಗೀತ ಕೊಟ್ಟವ್ರು. 2022ರ ಫೆಬ್ರುವರಿಯೊಳಗ ತೀರ್ಕೊಂಡ್ರಲ್ಲ, ಆವಾಗ ಡಾಕ್ಟ್ರು ಹೇಳಿದ ಕಾಯಿಲಿಗಳೊಳಗ ಇದೂ ಒಂದು" ಅಂದೆ. ಕಾಕು ಮುಖ ಬದಲಾಯಿತು. ಹೆದರಿಸಬಾರದಿತ್ತೇನೋ. ಆದರೆ ಸ್ವಲ್ಪ ಹೆದರಿಕೆ ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಉಸಿರು ಕಟ್ಟಿದಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ, ಹೃದಯ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ರಾತ್ರಿಯಿಡೀ ಹೀಗೆ ಓಡಿದ ಹೃದಯಕ್ಕೆ ಹಗಲು ಮೂರು ಗುಳಿಗೆ ಕೊಟ್ಟರೆ ಎಲ್ಲಿ ನಿಲ್ಲುತ್ತದೆ? ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದೆಳೆದು ಹೃದಯದ ಮೇಲೆ ಒತ್ತಡ ಬಿದ್ದರೆ, ಮೂತ್ರ ಹೆಚ್ಚಿಸುವ ಒಂದು ಹಾರ್ಮೋನು ಅಲ್ಲಿಂದ ಹೊರಬೀಳುತ್ತದೆ. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುವುದರ ಹಿಂದೆ ಎಷ್ಟೋ ಸಲ ಇರುವುದು ಇದು. ಜನ ಸಕ್ಕರೆ ಅಂತಾರೆ, ವಯಸ್ಸು ಅಂತಾರೆ.

ನಮ್ಮವರಿಗೆ ಒಂದು ರಾತ್ರಿ ತಲೆಗೆ, ಎದೆಗೆ, ಬೆರಳಿಗೆ ವೈರು ಹಚ್ಚಿ ಮಲಗಿಸಿ ಪರೀಕ್ಷೆ ಮಾಡಿದರು. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರು ನಿಂತದ್ದು ಅಥವಾ ತೀರ ಕ್ಷೀಣವಾದದ್ದು ಗಂಟೆಗೆ ಎಷ್ಟು ಸಲ ಅಂತ ಎಣಿಸುತ್ತಾರೆ. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಇವರದು 22 ಬಂತು. ಏಳು ಗಂಟೆ ನಿದ್ದೆಗೆ ನೂರೈವತ್ತರ ಮೇಲಾಯಿತು. ಮೊದಲು ಸಿಪ್ಯಾಪ್ ಯಂತ್ರ ಕೊಟ್ಟರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯ ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡಬಹುದೆಂದು ತೋರಿಸಿಕೊಟ್ಟಿದ್ದ, ಆ ಯಂತ್ರ. ಒಳ್ಳೆಯ ಯಂತ್ರ, ತೀವ್ರ ಕಾಯಿಲೆಗೆ ಇಂದಿಗೂ ಅದೇ ಮೊದಲ ಮಾತು. ಆದರೆ ಇವರಿಗೆ ಮುಖದ ಮೇಲಿನ ಮುಸುಕು ಒಗ್ಗಲಿಲ್ಲ. ನಿದ್ದೆಗಣ್ಣಲ್ಲೇ ಕಿತ್ತು ಎಸೆಯುತ್ತಿದ್ದರು. ಇಪ್ಪತ್ತು ರಾತ್ರಿ ಕಳೆದ ಮೇಲೆ ಯಂತ್ರ ಕೊಟ್ಟ ಡಾಕ್ಟರೇ ಹೇಳಿದರು, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಅಂತ.

"ಹಲ್ಲಿನವ್ರ ಹತ್ರ? ಹಲ್ಲಿಗೂ ಗೊರಕಿಗೂ ಏನ್ ಸಂಬಂಧ ತಂಗಿ?"

ಅಂದು ನಾನೂ ಇದನ್ನೇ ಕೇಳಿದ್ದೆ. ಆ ಡಾಕ್ಟರು ನನಗೆ ಮಾಡಿಸಿದ್ದನ್ನು ನಾನು ಕಾಕುಗೆ ಮಾಡಿಸಿದೆ. "ಈಗ ಬಾಯಿ ಮುಚ್ಚಿ ಮೂಗಿಲೆ ಗೊರಕಿ ಹೊಡದಂಗ ಮಾಡ್ರಿ." ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಾಕು ಮಾಡಿದರು. ಚೆನ್ನಾಗಿಯೇ ಬಂತು. "ಈಗ ಕೆಳಗಿನ ದವಡಿ ಮುಂದ ತರ್ರಿ. ಕೆಳಗಿನ ಹಲ್ಲು ಮ್ಯಾಲಿನ ಹಲ್ಲಿನಕಿಂತ ಮುಂದ ಬರ್ಲಿ. ಹಾಂ, ಈಗ ಗೊರಕಿ ಹೊಡೀರಿ." ಕಾಕು ಎಳೆದರು. ಬರೀ ಉಸಿರು ಬಂತು. ಇನ್ನೊಮ್ಮೆ ಎಳೆದರು. ಸದ್ದು ಏಳಲೇ ಇಲ್ಲ.

"ಅಯ್ಯ, ಎಲ್ಲಿ ಹೋತು?" ಅಂತ ಕಣ್ಣರಳಿಸಿದರು.

ನಾಲಿಗೆ ಅಂದರೆ ನಮಗೆ ಕಾಣುವ ತುದಿ ಮಾತ್ರ. ಅದರ ದೊಡ್ಡ ಸ್ನಾಯು ಹೊರಡುವುದು ಕೆಳದವಡೆಯ ಮುಂಭಾಗದ ಒಳಗೋಡೆಯಿಂದ, ಅಂದರೆ ಗದ್ದದ ಹಿಂಬದಿಯಿಂದ. ದವಡೆ ಮುಂದೆ ಬಂದರೆ ನಾಲಿಗೆಯೂ ಅದರ ಜೊತೆ ಮುಂದೆ ಬರಲೇಬೇಕು. ಮೂಗಿಗೆ ಎಲುಬಿನ ಆಧಾರವಿದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ. ನಡುವಿನ ಗಂಟಲು ಮಾತ್ರ ಬರೀ ಮಾಂಸದ ಕೊಳವೆ. ಅಂಗಾತ ಮಲಗಿ ಸ್ನಾಯು ಸಡಿಲವಾದಾಗ ನಾಲಿಗೆ ಹಿಂದಕ್ಕೆ ಜಾರಿ ಅದನ್ನು ಇಕ್ಕಟ್ಟು ಮಾಡುತ್ತದೆ. ಇಕ್ಕಟ್ಟಾದರೆ ಗೊರಕೆ, ಮುಚ್ಚಿದರೆ ಮೌನ. ಕಾಕಾ ದಪ್ಪ ಇಲ್ಲವಲ್ಲ ಅಂತ ಕಾಕು ಕೇಳಿದರು. ಬೊಜ್ಜು ಇದಕ್ಕೆ ದೊಡ್ಡ ಕಾರಣ, ಖರೆ. ಆದರೆ ಏಷ್ಯಾದ ನಮ್ಮಂಥವರಲ್ಲಿ ದವಡೆ ಚಿಕ್ಕದಿದ್ದು, ಮೈಮೇಲೆ ಅಷ್ಟು ಮಾಂಸ ಇಲ್ಲದವರಿಗೂ ಇದು ಬರುತ್ತದೆ. ಕಾಕಾ ಗದ್ದ ಹಿಂದಕ್ಕೆ ಸರಿದದ್ದು. ಅವರ ಮದುವೆ ಫೋಟೋದಲ್ಲೂ ಹಾಗೇ ಕಾಣುತ್ತದೆ.

ಇಲ್ಲಿ ನನಗೆ ಒಂದು ಹಳೆಯ ಸಂಗತಿ ಹೇಳದೆ ಇರಲಾಗಲಿಲ್ಲ. ಓದಿದ ದಿನ ನಾನೇ ಪುಸ್ತಕ ಕೆಳಗಿಟ್ಟು ಎದ್ದು ಓಡಾಡಿದ್ದೆ. ಅದು ನಡೆದದ್ದು ಇದೇ ಊರಿನಲ್ಲಿ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲ. ಎಡ್ವರ್ಡ್ ಲಾರಿ ಎಂಬ ಬ್ರಿಟಿಷ್ ಸರ್ಜನ್ ಇಲ್ಲಿನ ವೈದ್ಯ ಶಾಲೆಯ ಮುಖ್ಯಸ್ಥರಾಗಿದ್ದರು, ಅಫ್ಜಲ್‌ಗಂಜಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಿದ್ದರು. ಅರಿವಳಿಕೆಗೆ ಕ್ಲೋರೋಫಾರ್ಮ್ ಕೊಟ್ಟಾಗ ರೋಗಿಗಳು ಸಾಯುತ್ತಿದ್ದುದು ಹೃದಯ ನಿಂತೋ, ಉಸಿರು ನಿಂತೋ ಎಂದು ಜಗತ್ತಿನಲ್ಲಿ ದೊಡ್ಡ ಜಗಳ. ನಾಡಿ ಬಿಟ್ಟು ಉಸಿರು ನೋಡಿ ಅಂತ ಲಾರಿಯ ಹಟ. 1888ರಲ್ಲಿ ಒಂದು ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ಆಯಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ನಿಜಾಮ ಸರಕಾರ 1000 ಪೌಂಡು ಕೊಟ್ಟು ಪತ್ರಿಕೆಯ ಪ್ರತಿನಿಧಿಯನ್ನೇ ಕರೆಸಿತು. 1889ರಲ್ಲಿ ಲಾಡರ್ ಬ್ರಂಟನ್ ಬಂದರು, ಎರಡನೇ ಕಮಿಷನ್ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿತು. ಇದೇ ಊರಲ್ಲಿ ಓದಿದ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ವೈದ್ಯೆ ಲಾರಿಯ ಕೈಕೆಳಗೆ ಕ್ಲೋರೋಫಾರ್ಮ್ ಕೊಡುವುದನ್ನು ಕಲಿತರು. ಅರಿವಳಿಕೆ ಕೊಡುವ ಜಗತ್ತಿನ ಮೊದಮೊದಲ ಹೆಂಗಸರಲ್ಲಿ ಅವರೂ ಒಬ್ಬರು.

ಹೃದಯದ ವಿಷಯದಲ್ಲಿ ಲಾರಿ ತಪ್ಪಿದ್ದರು. ಕ್ಲೋರೋಫಾರ್ಮ್ ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲದು ಎಂದು ಮುಂದೆ ಸಿದ್ಧವಾಯಿತು. ಆದರೆ ಆ ಕಮಿಷನ್ ವೈದ್ಯರಿಗೆ ಹೇಳಿದ ನಿಯಮಗಳಲ್ಲಿ ಒಂದು ಇತ್ತು: ರೋಗಿಯ ಉಸಿರಾಟ ತಡೆದರೆ ಕೆಳದವಡೆಯನ್ನು ಮುಂದಕ್ಕೆ ಎಳೆಯಬೇಕು, ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬರುವ ತನಕ. ಆಗ ಗಂಟಲು ತೆರೆದುಕೊಳ್ಳುತ್ತದೆ.

"ನಾನು ಈಗ ಮಾಡಿದ್ದು!" ಅಂದರು ಕಾಕು.

ಹೌದು. ಈ ಗೋಡೆಯ ಹತ್ತಿರ ಕಾಕು ಮಾಡಿದ್ದೇ. ಹಳೆಯ ಆಸ್ಪತ್ರೆಯನ್ನು 1908ರ ಮೂಸಿ ಪ್ರವಾಹ ಕೊಚ್ಚಿಕೊಂಡು ಹೋಯಿತು. ಆದರೆ ಅದೇ ಅಫ್ಜಲ್‌ಗಂಜಿನಲ್ಲಿ, ಉಸ್ಮಾನಿಯಾ ಆಸ್ಪತ್ರೆಯ ಮಗ್ಗುಲಲ್ಲಿ, ಇವತ್ತು ಸರಕಾರಿ ದಂತ ವೈದ್ಯಕೀಯ ಕಾಲೇಜಿದೆ. ಅಲ್ಲಿ ಕೈಯಿಂದ ಎಳೆದು ಹಿಡಿದ ದವಡೆಯನ್ನು ಈಗ ಹಲ್ಲಿನ ಡಾಕ್ಟರು ರಾತ್ರಿಯಿಡೀ ಒಂದು ಕ್ಲಿಪ್ಪಿನಿಂದ ಹಿಡಿದಿಡುತ್ತಾರೆ. ಆ ದಾರಿಯಲ್ಲಿ ಬಸ್ಸಲ್ಲಿ ಹೋಗುವಾಗ ಪ್ರತಿ ಸಲ ನನಗೆ ಇದು ನೆನಪಾಗುತ್ತದೆ.

ಕ್ಲಿಪ್ಪು ಅನ್ನುವುದು ನಮ್ಮ ಮನೆಯ ಹೆಸರು. ಡಾಕ್ಟರು ಮ್ಯಾಂಡಿಬ್ಯುಲರ್ ಅಡ್ವಾನ್ಸ್‌ಮೆಂಟ್ ಡಿವೈಸ್ ಅನ್ನುತ್ತಾರೆ. ಅವರು ಮೊದಲು ಕೇಳಿದ್ದು ನಿದ್ದೆ ಪರೀಕ್ಷೆಯ ರಿಪೋರ್ಟು. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಆಮೇಲೆ ಬಾಯಿ ದೊಡ್ಡದಾಗಿ ತೆಗೆಸಿ, ನಾಲಿಗೆ ಚಾಚಿಸಿ, ಕಿರುನಾಲಿಗೆ ಎಷ್ಟು ಕಾಣುತ್ತದೆ ನೋಡಿದರು. ಹೀಗೆ ನೋಡಿ ಅಳೆಯುವುದಕ್ಕೆ ಮಲ್ಲಂಪಾಟಿ ಅಂತ ಹೆಸರು. ಹೆಸರು ಕೇಳಿದರೇ ಗೊತ್ತಾಗುತ್ತದೆ, ನಮ್ಮ ಪಕ್ಕದ ಆಂಧ್ರದವರು. ಅಮೆರಿಕದ ಬಾಸ್ಟನ್ನಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಇದನ್ನು ಬರೆದರು. ಗಂಟಲಿಗೆ ನಳಿಗೆ ಇಳಿಸುವುದು ಎಷ್ಟು ಕಷ್ಟವಾದೀತು ಎಂದು ಮೊದಲೇ ಊಹಿಸಲು ಮಾಡಿದ್ದು, ಈಗ ನಿದ್ದೆಯ ಡಾಕ್ಟರೂ ನೋಡುತ್ತಾರೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದೆಯೇ, ರಾತ್ರಿ ಹಲ್ಲು ಕಡಿದು ಕಡಿದು ತುದಿ ಸವೆದಿದೆಯೇ, ಅಂಗುಳ ಎತ್ತರವಾಗಿ ಕಿರಿದಾಗಿದೆಯೇ ಎಂದೂ ನೋಡಿದರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತವರ ಗಂಟಲು ಅವರಿಗೆ ಕಂಡಷ್ಟು ಚೆನ್ನಾಗಿ ಬೇರೆ ಯಾರಿಗೆ ಕಾಣುತ್ತದೆ? ಹಲ್ಲು ಕೀಳಿಸಲು ಹೋದವರನ್ನು, ಗೊರಕೆ ಇದೆಯಾ ಅಂತ ಅವರು ಒಂದು ಮಾತು ಕೇಳಿದರೆ ಎಷ್ಟು ಜನ ಉಳಿದಾರು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಮೇಲಿನ, ಕೆಳಗಿನ ಹಲ್ಲಿನ ಅಚ್ಚು ತೆಗೆದುಕೊಂಡು ಎರಡು ತೆಳು ತಟ್ಟೆ ಮಾಡಿ, ಬದಿಯಲ್ಲಿ ಸಣ್ಣ ಸ್ಕ್ರೂ ಇಟ್ಟು ಜೋಡಿಸಿದ್ದರು. ಮೊದಲ ದಿನವೇ ಪೂರ್ತಿ ಮುಂದೆ ಎಳೆಯಲಿಲ್ಲ. ವಾರವಾರ ಕೂದಲೆಳೆಯಷ್ಟು ತಿರುಗಿಸುತ್ತ ಹೋದರು. ಮೊದಲ ವಾರ ದಿಂಬೆಲ್ಲ ಜೊಲ್ಲು. ಕಿವಿಯ ಮುಂದೆ ದವಡೆಯ ಕೀಲು ನೋಯುತ್ತಿತ್ತು. ಬೆಳಿಗ್ಗೆ ಕ್ಲಿಪ್ಪು ತೆಗೆದ ಮೇಲೆ ಹಲ್ಲಿಗೆ ಹಲ್ಲು ಕೂಡದೆ ಅರ್ಧ ತಾಸು ಕಾಯಬೇಕು, ಹಾಗಾಗಿ ನಮ್ಮಲ್ಲಿ ಈಗಲೂ ಸ್ನಾನ ಮುಗಿಸಿಯೇ ನಾಷ್ಟಾ. ವರ್ಷಗಟ್ಟಲೆ ಹಾಕಿದರೆ ಹಲ್ಲು ಕೊಂಚ ಸರಿಯಲೂಬಹುದು, ಅದಕ್ಕೇ ಆಗಾಗ ತೋರಿಸುತ್ತ ಇರಬೇಕು. ಬಿಸಿನೀರಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ತಣ್ಣೀರೇ ಸರಿ. ಮೂರು ತಿಂಗಳ ಮೇಲೆ ಕ್ಲಿಪ್ಪು ಹಾಕಿಸಿಯೇ ಮತ್ತೆ ಪರೀಕ್ಷೆ ಮಾಡಿದರು. 22 ಇದ್ದದ್ದು 6ಕ್ಕೆ ಇಳಿದಿತ್ತು. ಆ ಕಾಗದ ನಾನು ದೇವರ ಮುಂದೆ ಇಟ್ಟಿದ್ದೆ.

"ಹಂಗಾದ್ರ ನಾಳೆನೇ ಒಂದು ತಂದ್ಬಿಡ್ತೀನಿ. ಮೊಮ್ಮಗ ಫೋನಿನ್ಯಾಗ ತರಸ್ತಾನ" ಅಂದರು ಕಾಕು.

"ಬ್ಯಾಡ ಕಾಕು!" ನನ್ನ ದನಿ ತುಸು ಜೋರಾಯಿತು. ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಸಿದ್ಧ ಕ್ಲಿಪ್ಪುಗಳು ಎಲ್ಲ ಕಡೆ ಮಾರಾಟಕ್ಕಿವೆ. ನಮಗೆ ಗೊತ್ತಿದ್ದ ಒಬ್ಬರಿಗೆ ಪರೀಕ್ಷೆಯೇ ಇಲ್ಲದೆ ಒಂದು ಕಡೆ ಅಂಥದ್ದನ್ನು ಮಾರಿದ್ದರು. ಗೊರಕೆ ಕಡಿಮೆಯಾಯಿತು, ಮನೆಯವರು ಸಮಾಧಾನಪಟ್ಟರು. ಉಸಿರು ನಿಲ್ಲುವುದು ಹಾಗೇ ಉಳಿದಿತ್ತು. ಸದ್ದು ಅಡಗಿತು, ಕಾಯಿಲೆ ಅಡಗಲಿಲ್ಲ. ಇದಕ್ಕಿಂತ ಅಪಾಯ ಬೇರೆ ಬೇಕೇ? ಇನ್ನು ಕಾಕಾರ ಸಂಖ್ಯೆ 30 ದಾಟಿದ್ದರೆ ಬರೀ ಕ್ಲಿಪ್ಪು ಸಾಲದೆ ಹೋಗಬಹುದು, ಯಂತ್ರವೇ ಬೇಕಾದೀತು. ಅದನ್ನು ನಿದ್ದೆಯ ಡಾಕ್ಟರು ಹೇಳಬೇಕು. ಹಲ್ಲಿನವರು ಅಲ್ಲ, ನಾನಂತೂ ಅಲ್ಲ. ಇನ್ನೊಂದು, ಕಾಕಾರ ಒಸಡು. ತಂಬಾಕಿನ ಎಲೆಅಡಿಕೆ ಅವರು ಬಿಟ್ಟದ್ದು ಹೋದ ವರ್ಷ. ಎರಡು ಹಲ್ಲು ಅಲ್ಲಾಡುತ್ತಿವೆ. ದವಡೆಯನ್ನು ರಾತ್ರಿಯಿಡೀ ಹಿಡಿದು ನಿಲ್ಲಿಸುವ ಭಾರವೆಲ್ಲ ಹಲ್ಲಿನ ಮೇಲೆ ತಾನೆ ಬೀಳುವುದು? ಕ್ಲಿಪ್ಪು ಕೂರಲು ಮೇಲೆ, ಕೆಳಗೆ ಸಾಕಷ್ಟು ಗಟ್ಟಿ ಹಲ್ಲು ಇರಬೇಕು. ಮೊದಲು ಒಸಡಿನ ಕೀವು ಹೋಗಬೇಕು, ಹುಳುಕು ತುಂಬಿಸಬೇಕು. ಮುಂದಿನ ವರ್ಷ ನೋಡೋಣ ಅಂತ ಹಲ್ಲು ಉದುರಲು ಬಿಟ್ಟರೆ ಈ ದಾರಿಯೇ ಮುಚ್ಚಿಹೋದೀತು.

ಅಲ್ಲಿತನಕ ಮಾಡಬಹುದಾದ್ದು ಇದೆ. ಅಂಗಾತ ಬಿಟ್ಟು ಮಗ್ಗುಲಾಗಿ ಮಲಗಿಸಿ ಅಂದೆ. ಹಳೆ ಬನಿಯನ್ನಿನ ಬೆನ್ನಿಗೆ ಕಿಸೆ ಹೊಲಿದು ಅದರಲ್ಲಿ ಒಂದು ಚೆಂಡು ಇಟ್ಟರೆ ಅಂಗಾತ ಹೊರಳಲು ಆಗುವುದಿಲ್ಲ. ಹೊಲಿಗೆ ಅಂದಕೂಡಲೇ ಕಾಕುಗೆ ಧೈರ್ಯ ಬಂತು.

"ಮತ್ತ ಹೆಂಗಸ್ರಿಗಿ ಇದು ಬರ್ತದೇನ?"

ಅವರು ಯಾಕೆ ಕೇಳಿದರು ಅಂತ ತಿಳಿಯಿತು. ಬರುತ್ತದೆ, ಮುಟ್ಟು ನಿಂತ ಮೇಲೆ ಹೆಚ್ಚು. ಆದರೆ ಹೆಂಗಸಿನ ಗೊರಕೆ ನಮ್ಮಲ್ಲಿ ಮುಚ್ಚಿಡುವ ವಿಷಯ. ಅವಳಿಗೆ ನಿದ್ದೆ ಬರುವುದಿಲ್ಲ, ಸುಸ್ತು, ತಲೆನೋವು ಅಂತ ಮಾತ್ರ ಹೊರಗೆ ಬರುತ್ತದೆ. ಮನೆಕೆಲಸದ ಸುಸ್ತು ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಪಕ್ಕದಲ್ಲಿ ಮಲಗಿದವನೇ ಗೊರಕೆಯಲ್ಲಿ ಮುಳುಗಿದ್ದರೆ ಅವಳ ಉಸಿರು ಕೇಳುವವರಾದರೂ ಯಾರು? ನಿಮ್ಮದೂ ತೋರಿಸೋಣ ಕಾಕು ಅಂದೆ. "ಮೊದ್ಲ ಇವ್ರದು" ಅಂದರು. ನಿರೀಕ್ಷಿಸಿದ್ದೇ.

"ಇವತ್ತು ರಾತ್ರಿ ಫೋನಿನ್ಯಾಗ ಅವ್ರ ಗೊರಕಿ ರೆಕಾರ್ಡ್ ಮಾಡ್ರಿ. ನಿಂತಾಗ ಎಣಿಸ್ರಿ. ಡಾಕ್ಟ್ರಿಗಿ ತೋರ್ಸಾಕ ಬೇಕು."

ಕಾಕು ತಡವರಿಸಿದರು. "ನಾ ಹಾಲಿನ್ಯಾಗ ಮಲ್ಕೊಂತೀನಿ ತಂಗಿ. ಎಂಟು ತಿಂಗಳಾತು. ಆ ಸದ್ದಿಗಿ ತಾಳಲಾರ್ದ."

ಎಂಟು ತಿಂಗಳು. ಆ ಕೋಣೆಯಲ್ಲಿ ಉಸಿರು ನಿಂತದ್ದು ಎಷ್ಟು ಸಲವೋ. ನಾನು ಏನೂ ಹೇಳಲಿಲ್ಲ. ಅವರ ಕೈಯಲ್ಲಿದ್ದ ಕರಿಬೇವು ಗೋಡೆಯ ಮೇಲೆ ಹಾಗೇ ಉಳಿಯಿತು. ಒಳಗಿನಿಂದ ಕಾಕಾ ಚಹಾ ಕೇಳಿದರು.

ಮರುದಿನ ಆರಕ್ಕೇ ಕಾಕು ಗೋಡೆಯ ಹತ್ತಿರ ನಿಂತಿದ್ದರು. ಕಣ್ಣು ಕೆಂಪಾಗಿದ್ದವು. ಮಾತಾಡದೆ ಫೋನು ನನ್ನ ಕೈಗಿಟ್ಟರು. ಕಿವಿಗೆ ಹಿಡಿದೆ. ಗೊರಕೆ, ಗೊರಕೆ, ಗೊರಕೆ, ಆಮೇಲೆ ಪಟ್ಟನೆ ಏನೂ ಇಲ್ಲ. ಫ್ಯಾನಿನ ಸದ್ದು ಮಾತ್ರ. ಅದರ ನಡುವೆ, ತೀರ ಹತ್ತಿರದಿಂದ, ಪಿಸುಮಾತಿನಲ್ಲಿ ಕಾಕು ದನಿ. "ಹದಿನಾಕು, ಹದಿನೈದು, ಹದಿನಾರು..." ಇಪ್ಪತ್ತರ ಹತ್ತಿರ ಬರುವಾಗ ದನಿ ನಡುಗಿತು. "ಇಪ್ಪತ್ತಾರು, ಇಪ್ಪತ್ತೇಳು, ಉಸಿರು ತಗೋರಿ, ತಗೋರಿ..."